ಜೀಪಿನ ಮುಂಗಾಲಿಗೆ ಕಂಬಳಿ ತೊಡಿಸಿದ್ದು

ನಮ್ಮ ಮನೆಯಲ್ಲಿ ಜೀಪು ಓಡಿಸುವವಳು ನಾನೊಬ್ಬಳೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರು ಜೀಪು ನಿಂತ ಕೂಡಲೇ ಬಂದು ಡ್ರೈವರ್ ಎಲ್ಲಿ ಎಂದು ನನ್ನನ್ನೇ ಕೇಳುತ್ತಾರೆ. ಸ್ಟಿಯರಿಂಗ್ ಹಿಡಿದು ಕೂತವಳನ್ನು ಹೀಗೆ ಕೇಳುವವರ ಕಣ್ಣಿಗೆ ಯಾವ ಮದ್ದಿದೆಯೋ ನನಗೆ ಗೊತ್ತಿಲ್ಲ. "ಹಿಂದ ಮಲಕೊಂಡಾನ್ರಿ, ಎಬ್ಬಸ್ರಿ" ಎಂದು ಹೇಳಿ ಸುಮ್ಮನಾಗುತ್ತೇನೆ. ಅವರು ಹಿಂದೆ ಹೋಗಿ ಇಣುಕಿದರೆ ಅಲ್ಲಿ ಜೋಳದ ಹಿಟ್ಟಿನ ಚೀಲ ಇರುತ್ತದೆ, ಇಲ್ಲವೇ ಕಾಲು ಕಟ್ಟಿದ ಎರಡು ಕುರಿಮರಿ ಇರುತ್ತವೆ.

ಕಕ್ಕೇರಾದಿಂದ ಹುಣಸಗಿಗೆ ಹೋಗುವ ಕಡೆ, ದಾರಿ ಬಿಟ್ಟು ಒಳಗೆ ಇದೆ ನಮ್ಮ ಊರು. ನಮ್ಮದು ಕುರಿ ಮನೆತನ. ನನ್ನ ಗಂಡ ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ, ವರ್ಷದ ಹೆಚ್ಚಿನ ದಿನ ಹಿಂಡಿನ ಜೊತೆಗೇ ಇರುತ್ತಾರೆ. ಗೊಬ್ಬರಕ್ಕಾಗಿ ರೈತರು ಕುರಿಗಳನ್ನು ತಮ್ಮ ಹೊಲದಲ್ಲಿ ಕೂಡಿಸಿಕೊಳ್ಳುತ್ತಾರೆ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಹಿಂಡು ಎಲ್ಲಿದೆಯೋ ಅಲ್ಲಿಗೆ ಹಿಟ್ಟು, ಉಪ್ಪು, ಖಾರ, ಕುರಿಗಳ ಔಷಧ ಮುಟ್ಟಿಸುವುದು ಮತ್ತು ನಡೆಯಲಾರದ ಎಳೆಮರಿಗಳನ್ನು ಮನೆಗೆ ತರುವುದು ನನ್ನ ಕೆಲಸ. ನಮ್ಮದು ಕರಿ ಮಣ್ಣಿನ ಎರೆ ಭೂಮಿ. ಮಳೆ ಬಿದ್ದಿತೆಂದರೆ ಮೋಟರ್ ಸೈಕಲ್ ಹೊಲದ ಬದುವಿಗೇ ನಿಂತುಬಿಡುತ್ತದೆ. ನಮ್ಮ ಜೀಪಿಗೆ ಮಾತ್ರ ಮುಂದಿನ ಗಾಲಿಗಳನ್ನೂ ಎಳೆಸುವ ಇನ್ನೊಂದು ಗೇರು ಇದೆ. ಅದನ್ನು ಹಾಕಿದರೆ ನಾಲ್ಕೂ ಗಾಲಿ ಸೇರಿ ಎಳೆಯುತ್ತವೆ, ಗಾಡಿ ಗುರುಗುಟ್ಟುತ್ತಾ ಕೆಸರು ದಾಟುತ್ತದೆ.

ಈ ಜೀಪನ್ನು ನನ್ನ ಮಾವ ಯಾವುದೋ ಹರಾಜಿನಲ್ಲಿ ಹಿಡಿದು ತಂದಿದ್ದರು. ನನಗೆ ಕಲಿಸಿದವರೂ ಅವರೇ. ಮನೆಯ ಸೊಸೆಗೆ ಗಾಡಿ ಕಲಿಸುತ್ತಾನೆ ಎಂದು ಊರು ನಕ್ಕಾಗ ಅವರು ಹೇಳಿದ ಮಾತು ಇಷ್ಟೇ: "ಗಂಡಸ್ರು ಕುರಿ ಹಿಂದ ಹೋದ್ರ, ಅವರಿಗೆ ಹಿಟ್ಟು ಒಯ್ಯಾಕ ಮತ್ತ ಗಂಡಸ್ರನ್ನ ಎಲ್ಲಿಂದ ತರೂದು?" ಮಾವ ಈಗಿಲ್ಲ. ಊರಿನ ನಗು ಅವರಿಗಿಂತ ಮೊದಲೇ ಹೋಗಿತ್ತು.

ಸೋರಿಕೆ ಶುರುವಾದದ್ದು ಮುಂದಿನ ಎಡಗಾಲಿಯಲ್ಲಿ. ಗಾಲಿಯ ಒಳಬದಿಗೆ ಒಂದು ದೊಡ್ಡ ಕಬ್ಬಿಣದ ಗುಂಡು ಇರುತ್ತದೆ, ಗಾಲಿ ಎಡಕ್ಕೆ ಬಲಕ್ಕೆ ಹೊರಳುವುದು ಅದರ ಮೇಲೆ. ಅದರೊಳಗೆ ಎಣ್ಣೆ. ಆ ಎಣ್ಣೆ ಹೊರಗೆ ಬರದಂತೆ ಗುಂಡಿನ ಬಾಯಿಗೆ ಬಳೆಯ ಹಾಗೆ ಒಂದು ಸೀಲು. ಆ ಸೀಲು ಸತ್ತಿತ್ತು. ಮೊದಲು ಗಾಲಿಯ ಒಳಮೈ ಒದ್ದೆಯಾಯಿತು, ಆಮೇಲೆ ಹನಿ ಬಿತ್ತು, ಕೊನೆಗೆ ನಮ್ಮ ಅತ್ತೆ ಸಗಣಿ ಹಾಕಿ ಸಾರಿಸಿದ ಅಂಗಳದ ಮಧ್ಯದಲ್ಲಿ ಕರಿ ಮಡುವೇ ನಿಂತಿತು. ನಾನು ಕೆಳಗೆ ಒಂದು ಹಳೆ ಪರಾತ ಇಟ್ಟೆ. ಅತ್ತೆ ಅದನ್ನು ನೋಡಿ, "ಇವತ್ತು ಪರಾತ ಇಟ್ಟಿ. ನಾಳೆ ತೊಟ್ಟಿಲಾ ಕಟ್ಟತಿ ಏನು?" ಎಂದರು.

ಅಂಗಳದ ಮಾತು ಅಂಗಳಕ್ಕೇ ಮುಗಿಯುತ್ತಿತ್ತು. ಆದರೆ ಎಣ್ಣೆ ಪೂರಾ ಹೋದರೆ ಗುಂಡಿನ ಒಳಗಿನ ಜಾಯಿಂಟು ಒಣಗಿ ಮುರಿಯುತ್ತದೆ. ಅದು ಮುರಿದರೆ ಮುಂದಿನ ಗಾಲಿ ಎಳೆಯುವುದಿಲ್ಲ, ಮುಂದಿನ ಗಾಲಿ ಎಳೆಯದಿದ್ದರೆ ಎರೆಯಲ್ಲಿ ಜೀಪು ಬರೀ ಕಬ್ಬಿಣ. ಭಾವ ಒಂದು ದಿನ ಮನೆಗೆ ಬಂದವರು ಇದನ್ನೆಲ್ಲ ನೋಡಿ, ಕಟ್ಟೆಯ ಮೇಲೆ ಕೂತು, ತಾಯಿಯ ಮುಂದೆ ಮಾತು ತೆಗೆದರು. "ಯವ್ವಾ, ಶಹಾಪುರದಾಗ ಹಳೇ ಗಾಡಿ ತಗೊಳ್ಳಾವ ಒಬ್ಬಾವ ಅದಾನ. ಮುಂದಿನ ವಾರ ಬರಾಕ ಹೇಳೀನಿ. ಇದನ್ನ ಕೊಟ್ಟು ಒಂದು ಹೊಸ ಸಣ್ಣ ಗಾಡಿ ತರೂನು. ನಡಸಾಕ ಒಬ್ಬ ಡ್ರೈವರನ್ನ ಇಡೂನು." ಆಮೇಲೆ ನನ್ನ ಕಡೆ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ, "ನೀನೂ ಮನ್ಯಾಗ ಆರಾಮ ಇರು ತಂಗಿ" ಎಂದರು.

ಆರಾಮ ಎಂಬ ಶಬ್ದ ನನಗೆ ಅಷ್ಟು ಉರಿದದ್ದು ಅದೇ ಮೊದಲು. ಯಾರು ಕೇಳಿದ್ದರು ಆರಾಮ? ಹಳ್ಳದ ನೀರು ಎಷ್ಟಿದ್ದರೆ ದಾಟಬಹುದು, ಯಾವ ಬದುವಿನ ಹತ್ತಿರ ಎರೆ ಮೋಸ ಮಾಡುತ್ತದೆ, ಯಾವ ಹೊಲದವನು ಜೀಪು ಬಿಡುತ್ತಾನೆ, ಯಾವನು ಬಯ್ಯುತ್ತಾನೆ, ಎಲ್ಲ ನನ್ನ ತಲೆಯಲ್ಲಿದೆ. ನಾನು ಹೋದರೆ ಹಿಂಡಿನಲ್ಲಿ ಒಲೆ ಹತ್ತುತ್ತದೆ. ಅದನ್ನೆಲ್ಲ ಯಾವನೋ ಡ್ರೈವರನ ಕೈಗೆ ಕೊಟ್ಟು ನಾನು ಮನೆಯಲ್ಲಿ ಕೂತು ನೊಣ ಹೊಡೆಯಬೇಕಿತ್ತು. ಬಾಯಿ ತುದಿಗೆ ಬಂದದ್ದನ್ನು ನುಂಗಿ, "ಭಾವಾರ, ಸೋರೂದು ನಿಂತ್ರ?" ಎಂದು ಕೇಳಿದೆ.

ಭಾವ ಉತ್ತರ ಕೊಡುವ ಮೊದಲೇ ಅತ್ತೆ ತೀರ್ಪು ಕೊಟ್ಟರು. ನಮ್ಮ ಮನೆಯಲ್ಲಿ ಕುರಿ ಮಾರುವುದರಿಂದ ಹಿಡಿದು ಹೆಣ್ಣು ಕೊಡುವ ತನಕ ಕೊನೆಯ ಮಾತು ಅವರದೇ. "ಸೋರೂದು ನಿಂತ್ರ ಗಾಡಿ ಇರ್ಲಿ. ನಿಲ್ಲಲಿಲ್ಲಂದ್ರ ಹೋಗ್ಲಿ. ಮತ್ತ ಇದರ ಮ್ಯಾಲ ಮಾತು ಬ್ಯಾಡ."

ಮರುದಿನವೇ ಜೀಪನ್ನು ಸುರಪುರಕ್ಕೆ ಒಯ್ದೆ. ಅಲ್ಲಿಯ ಮಿಸ್ತ್ರಿ ಮಾವನ ಕಾಲದಿಂದ ಈ ಗಾಡಿಯನ್ನು ಬಲ್ಲವರು. ಗಾಲಿಯ ಹಿಂದೆ ಬ್ಯಾಟರಿ ಹಾಕಿ ನೋಡಿ, "ಇದರ ಸೀಲ್ ಬರೂದು ಬಂದ್ ಆಗಿ ಜಮಾನಾ ಆತಕ್ಕಾ" ಎಂದರು. ಆದರೂ ಪಾಪ, ಶಹಾಪುರದ ಅಂಗಡಿಗೆ ಫೋನು ಹಚ್ಚಿದರು, ಯಾದಗಿರಿಗೆ ಹಚ್ಚಿದರು. ಯಾದಗಿರಿಯಿಂದ ಬಸ್ಸಿನಲ್ಲಿ ಒಂದು ರಬ್ಬರಿನ ಸೀಲು ಬಂದದ್ದೂ ಆಯಿತು. ಗುಂಡಿಗೆ ಹೊರಗಿನಿಂದಲೇ ಹಿಡಿದು ನೋಡಿದರೆ ಅಜ್ಜನ ಅಂಗಿಯನ್ನು ಮೊಮ್ಮಗನಿಗೆ ತೊಡಿಸಿದಂತೆ ಜೋಲುತ್ತಿತ್ತು.

ನಾನೇ ಪಾನಾ ತೆಗೆದುಕೊಂಡು ಕೆಳಗೆ ಹೋದೆ. ಗುಂಡಿನ ಸುತ್ತ ಎರಡು ಅರ್ಧಚಂದ್ರದ ಪಟ್ಟಿ, ಅವನ್ನು ಹಿಡಿದಿರುವ ಬೋಲ್ಟು. ಬಿಚ್ಚಿದಾಗ ಒಳಗಿನಿಂದ ಕೊಳೆತ ಕರಿ ಬಳೆಯೊಂದು ತುಂಡುತುಂಡಾಗಿ ಕೈಗೆ ಬಂತು. ಇದೇ ಹಳೆಯ, ಅಸಲಿ ಸೀಲು. ಮಿಸ್ತ್ರಿ ಅದನ್ನು ಕಸಕ್ಕೆ ಎಸೆಯಲು ಕೈ ಚಾಚಿದರು. ನಾನು ಕೊಡಲಿಲ್ಲ. ಬೆರಳಲ್ಲಿ ಹಿಸುಕಿದಾಗ ಅದು ರಬ್ಬರಿನಂತೆ ಪುಟಿಯಲಿಲ್ಲ, ಬಟ್ಟೆಯಂತೆ ಹರಿಯಲೂ ಇಲ್ಲ. ಎಳೆಎಳೆಯಾಗಿ ಬಿಟ್ಟುಕೊಂಡಿತು. ಒಂದು ಎಳೆಯನ್ನು ಡೀಸೆಲಿನಲ್ಲಿ ತೊಳೆದು, ಒರೆಸಿ, ಬಿಸಿಲಿಗೆ ಒಣಗಿಸಿ, ಕಡ್ಡಿ ಗೀರಿ ಹಚ್ಚಿದೆ. ಸುಟ್ಟ ಕೂದಲಿನ ವಾಸನೆ ಬಂತು.

ಹುಟ್ಟಿದಾಗಿನಿಂದ ಉಣ್ಣೆಯ ಈ ವಾಸನೆ ಬಲ್ಲವಳು ನಾನು. "ಮಿಸ್ತ್ರಿ, ಇದು ಉಣ್ಣಿ ಐತ್ರಿ. ಕುರಿ ಉಣ್ಣಿ" ಎಂದೆ.

"ನಮದಾ ಅಂತೀವಿ ನಾವು ಇದಕ್ಕ. ಉಣ್ಣಿ ಒತ್ತಿ ಒತ್ತಿ ಮಾಡಿದ್ದು" ಎಂದರು ಮಿಸ್ತ್ರಿ. "ಖರೇ ಅಂದ್ರೂ, ಈಗ ಅದು ಎಲ್ಲಿ ಸಿಗತದ?"

ನನಗೆ ಅಲ್ಲೇ, ಆ ಎಣ್ಣೆ ಕೈಯಲ್ಲೇ, ನಗು ಬಂತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ಕಂಬಳಿಯಲ್ಲೇ ಹುಟ್ಟಿ ಕಂಬಳಿಯಲ್ಲೇ ಬೆಳೆದ ಮನೆತನದವಳು ಯಾದಗಿರಿಯ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಎಷ್ಟು ಹೆಮ್ಮೆ ಆಯಿತೆಂದರೆ, ಈ ಜೀಪು ಮಾಡಿದ ದೊಡ್ಡ ದೊಡ್ಡ ಮಂದಿಯೂ ಕೊನೆಗೆ ಕುರಿಯ ಬೆನ್ನಿಗೇ ಬಂದರಲ್ಲ ಎಂದು ಮಿಸ್ತ್ರಿಯ ಮುಂದೆ ಅಂದೇಬಿಟ್ಟೆ.

ಆದರೆ ಒಂದು ತೊಡಕಿತ್ತು. ನಮ್ಮ ಮನೆಯಲ್ಲಿ ಕಂಬಳಿಗೆ ಕತ್ತರಿ ಹಾಕುವುದಿಲ್ಲ. ದೇವರಿಗೆ ಹಾಸುವುದು ಕಂಬಳಿ, ಬಾಣಂತಿಗೆ ಹಾಸುವುದು ಕಂಬಳಿ. ಹರಿದರೆ ಮರಿಗಳ ಕೆಳಗೆ ಹಾಸುತ್ತೇವೆ, ತಾನಾಗಿ ಮಣ್ಣಾಗುವ ತನಕ ಬಿಡುತ್ತೇವೆ, ಕತ್ತರಿಸುವುದಿಲ್ಲ. ಇದು ಅತ್ತೆಯ ಕಟ್ಟಳೆ. ಹಾಗಾಗಿ ಸುರಪುರದ ಬಜಾರಿಗೇ ಹೋಗಿ, ಗದ್ದುಗೆಗೆ ಹಾಸುವಂಥ ಸಣ್ಣ ಹೊಸ ಕಂಬಳಿ ಕೊಂಡುತಂದೆ. ಕೊಂಡ ಕಂಬಳಿ ನನ್ನದು, ಕಟ್ಟಳೆ ಮನೆಯ ಕಂಬಳಿಗೆ ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಹೊಸ ಕಂಬಳಿ ತಗಡಿನಂತೆ ಬಿರುಸಾಗಿತ್ತು. ಎರಡು ಪದರ ಮಾಡಿ, ಬಳೆಯ ಹಾಗೆ ಕತ್ತರಿಸಿ, ಗುಂಡಿಗೆ ಸುತ್ತಿ ಪಟ್ಟಿ ಬಿಗಿದಾಗ ಹೊರಗೊಂದು ಎಳೆಯೂ ಇಣುಕಲಿಲ್ಲ. ಎಣ್ಣೆ ತುಂಬಿ, ಬಜಾರಿನಲ್ಲಿ ಒಂದು ಸುತ್ತು ಹೊಡೆದು ಬಂದರೂ ಗಾಲಿ ಒಣಗಿಯೇ ಇತ್ತು. ಗಂಡನಿಗೆ ಫೋನು ಮಾಡಿ, "ಗೆದ್ದೀನಿ ನೋಡ್ರಿ" ಎಂದೆ.

ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮನೆಗೆ ಬರುವಾಗ ನೆಟ್ಟಗೆ ಡಾಂಬರು ದಾರಿಯಲ್ಲಿ ಬರಬಹುದಿತ್ತು. ಹಾಗೆ ಮಾಡದೆ, ಗೆದ್ದ ಜಂಬದಲ್ಲಿ ಜೀಪನ್ನು ಹಳ್ಳಕ್ಕೆ ಇಳಿಸಿದೆ. ನೀರು ಗಾಲಿಯ ಅರ್ಧಕ್ಕೆ ಬಂತು. ದಾಟಿ ಮನೆಯ ಅಂಗಳಕ್ಕೆ ಬಂದು ನಿಲ್ಲಿಸಿ, ಬಗ್ಗಿ ನೋಡಿದೆ. ಮೊದಲು ಹನಿ ಹನಿಯಾಗಿ ಬೀಳುತ್ತಿದ್ದದ್ದು ಈಗ ಧಾರೆ ಕಟ್ಟಿತ್ತು. ಅದೂ ಬರೀ ಎಣ್ಣೆಯಲ್ಲ, ಮೂಗಿನ ಸಿಂಬಳದಂಥ ಕಂದು ಲೋಳೆ.

ಅತ್ತೆ ಕೋಲೂರಿಕೊಂಡು ಬಂದರು. ಆ ಲೋಳೆಗೆ ಬೆರಳು ಅದ್ದಿ, ಹೆಬ್ಬೆರಳಿನಿಂದ ತಿಕ್ಕಿ, ಮೂಗಿಗೆ ಹಿಡಿದರು. "ಹುಣಸಿ ಪಿಕ್ಕದ ಗಂಜಿ" ಎಂದರು. ನನ್ನ ಮುಖ ನೋಡಿದರು. "ಹೊಸಾ ಕಂಬಳಿ ಕತ್ತರಿಸಿದಿ?"

ಸುಳ್ಳು ಹೇಳಿ ಪ್ರಯೋಜನ ಇರಲಿಲ್ಲ. ಹೌದೆಂದೆ. ಬಯ್ಯುತ್ತಾರೆಂದು ಕಾದರೆ ಅತ್ತೆ ಕೋಲನ್ನು ಜೀಪಿಗೆ ಆನಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ, "ಕುರಿ ಮನಿ ಮಗಳು, ಕುರಿ ಮನಿ ಸೊಸಿ. ಹೊಸಾ ಕಂಬಳಿಗೆ ಪಿಕ್ಕದ ಗಂಜಿ ಹಚ್ಚಿರ್ತಾರ, ಮದಲನೇ ಮಳಿಗೆ ಅದು ಕರಗತೈತಿ ಅನ್ನೂದು ಗೊತ್ತಿಲ್ಲೇನು ನಿನಗ? ಹೊಸಾ ಕಂಬಳಿ ಹೊತ್ತು ಮಳ್ಯಾಗ ನಿಂತಾವ ಅಂಬಲ್ಯಾಗ ಬಿದ್ದಾವನಂಗ ಕಾಣತಾನ" ಎಂದರು.

ಗೊತ್ತಿತ್ತು. ಚಿಕ್ಕಂದಿನಲ್ಲಿ ನಾನೇ ತವರಿನಲ್ಲಿ ಹುಣಸೆಯ ಬೀಜ, ಅಂದರೆ ಪಿಕ್ಕ, ಹುರಿದು, ಬೀಸಿ, ಗಂಜಿ ಕಾಸಿ ಕಂಬಳಿಗೆ ಹಚ್ಚಿದವಳು. ಕಂಬಳಿ ಬಿರುಸಾಗಿ ನಿಲ್ಲುವುದೇ ಆ ಗಂಜಿಯಿಂದ. ಬಜಾರಿನಲ್ಲಿ ಆ ಬಿರುಸನ್ನೇ ಉಣ್ಣೆಯ ಬಿಗಿ ಎಂದುಕೊಂಡು ಹಿಗ್ಗಿದ್ದೆ. ನೀರು ತಾಗಿದ ಕೂಡಲೇ ಗಂಜಿ ಕರಗಿ, ಬಳೆ ಸಡಿಲಾಗಿ, ಎಣ್ಣೆ ಹೊರಟಿತ್ತು. ಮಿಸ್ತ್ರಿ ತಪ್ಪಿದ್ದರೆ ಅವರಿಗೆ ತಿಳಿಯದು ಎನ್ನಬಹುದಿತ್ತು. ನಾನು ತಪ್ಪಿದ್ದು ನನ್ನದೇ ಮನೆತನದ ಕೆಲಸದಲ್ಲಿ. ಅಂಗಳದಲ್ಲೇ ಕೂತು ನಾನು ಅತ್ತುಬಿಟ್ಟೆ, ನಾಚಿಕೆಗೆ ಅತ್ತದ್ದಕ್ಕಿಂತ ಸಿಟ್ಟಿಗೆ ಅತ್ತದ್ದೇ ಹೆಚ್ಚು. ಶಹಾಪುರದವನು ಬರುವ ದಿನ ಹತ್ತಿರ ಬಂದಿತ್ತು.

ಅತ್ತೆ ಸಮಾಧಾನ ಮಾಡುವ ಹೆಂಗಸಲ್ಲ. ಒಳಗೆ ಹೋದರು. ಟ್ರಂಕಿನ ಮುಚ್ಚಳದ ಸದ್ದು ಕೇಳಿತು. ಹೊರಗೆ ಬಂದಾಗ ತೋಳಿನ ಮೇಲೆ ಅವರ ಹಳೆಯ ಕರಿ ಕಂಬಳಿ ಇತ್ತು. ಅದನ್ನು ನಾನು ಬಲ್ಲೆ. ನನ್ನ ಗಂಡ, ಭಾವ, ನಾದಿನಿ, ಎಲ್ಲರೂ ಹುಟ್ಟಿದ ಮೇಲೆ ಮೊದಲು ಮಲಗಿದ್ದು ಅದರ ಮೇಲೆ. ಅತ್ತೆ ಕುರಿ ಹಿಂದೆ ತಿರುಗಿದ ವರ್ಷಗಳಲ್ಲೆಲ್ಲ ಅವರ ಮೇಲಿನ ಸೂರು ಅದೇ.

"ಕತ್ತರಿ ತಾ" ಎಂದರು.

"ಬ್ಯಾಡ್ರಿ ಅತ್ತಿ. ಕಂಬಳಿಗೆ ಕತ್ತರಿ ಹಾಕಂಗಿಲ್ಲ ನಮ್ಮ ಮನ್ಯಾಗ."

"ಹಾಕಬ್ಯಾಡ ಅಂತ ಹೇಳಿದಾಕಿ ನಾನ. ಈಗ ಹಾಕು ಅನ್ನಾಕಿನೂ ನಾನ. ತಾ."

ತಂದುಕೊಟ್ಟೆ. ಅವರು ಕಂಬಳಿಯನ್ನು ತೊಡೆಯ ಮೇಲೆ ಹರಡಿ, ಅಂಚು ಬಿಟ್ಟು ನಡುಭಾಗವನ್ನು ಬೆರಳಿನಿಂದ ಹುಡುಕಿದರು. "ಇಲ್ಲಿ ಮುಟ್ಟು. ಬೆನ್ನಿಗೆ ತಿಕ್ಕಿ ತಿಕ್ಕಿ, ಹೊಳ್ಯಾಗ ತುಳದು ತುಳದು ಉಣ್ಣಿ ಉಣ್ಣಿಗೆ ಕಚ್ಚಿಕೊಂಡೈತಿ. ಗಂಜಿ ಹೋಗಿ ಯಾವ ಕಾಲ ಆತೋ. ಇದಕ್ಕ ಇನ್ನ ಮಳಿ ಏನ ಮಾಡತೈತಿ?" ಮುಟ್ಟಿದೆ. ನೇಯ್ಗೆಯ ಎಳೆ ಕಾಣುತ್ತಲೇ ಇರಲಿಲ್ಲ. ಸುರಪುರದಲ್ಲಿ ನನ್ನ ಕೈಗೆ ಬಂದ ಆ ಹಳೆ ಸೀಲಿನದೇ ಮೈ.

ಆ ನಡುಭಾಗಕ್ಕೇ ಕತ್ತರಿ ಹಾಕಿದರು. ಅತ್ತೆ ತಲೆ ಎತ್ತದೆ ಹೇಳಿದರು: "ಒಂದು ಮಳಿಗಾಲ ನಾ ತಲಿ ಮ್ಯಾಲ ಹಿಟ್ಟು ಹೊತ್ತು ಎರಿಯಾಗ ಹಿಂಡಿಗೆ ಹೋಗ್ತಿದ್ದೆ. ಹೊಟ್ಟಿಯಾಗ ನಿನ್ನ ಭಾವ. ಒಂದು ಕಾಲು ಕಿತ್ತರ ಇನ್ನೊಂದು ಹೂಳತಿತ್ತು. ನೀ ಗಾಡಿ ತಗೊಂಡು ಹೋಗೂದು ನೋಡಿದಾಗೊಮ್ಮೆ ನನ್ನ ಮೊಣಕಾಲಿಗೆ ಛಲೋ ಅನಸತೈತಿ." ಇಷ್ಟು ವರ್ಷ ಅಂಗಳದ ಎಣ್ಣೆಗೆ ಬಯ್ದ ಹೆಂಗಸಿನ ಒಳಗೆ ಈ ಮಾತು ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಮತ್ತೆ ಅಳು ಬಂತು, ಈ ಸಲ ಬೇರೆ ಥರದ್ದು.

ಎರಡು ಪದರ ಸೇರಿಸಿ ದಬ್ಬಣದಲ್ಲಿ ಉಣ್ಣೆಯ ದಾರ ಪೋಣಿಸಿ ಹೊಲಿದವರು ಅತ್ತೆ. ಎಣ್ಣೆ ಬೆಚ್ಚಗೆ ಮಾಡಿ ಅದರಲ್ಲಿ ಬಳೆ ನೆನೆಹಾಕಿದವಳು ನಾನು. ಗುಂಡಿನ ಮೇಲೆ ತುಕ್ಕು ಕಚ್ಚಿದ ಕಡೆ ಸಣ್ಣ ಮರಳುಕಾಗದ ಹಾಕಿ, ಬೆರಳು ಸರಾಗ ಜಾರುವ ತನಕ ತಿಕ್ಕಿದೆ. ಉಣ್ಣೆ ಎಷ್ಟು ಗಟ್ಟಿಯಿದ್ದರೂ ಒರಟು ಕಬ್ಬಿಣ ಅದನ್ನು ತಿಂದುಹಾಕುತ್ತದೆ. ಬಳೆಯ ಎರಡು ತುದಿ ಕೂಡುವ ಜಾಗವನ್ನು ಮೇಲಕ್ಕೆ ಬರುವಂತೆ ಇಟ್ಟೆ, ಎಣ್ಣೆ ನಿಲ್ಲುವುದು ತಳದಲ್ಲಿ ತಾನೆ. ಪಟ್ಟಿ ಇಟ್ಟು ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಹೊಸ ಎಣ್ಣೆ ತುಂಬಿದೆ. ಅತ್ತೆ ಕಟ್ಟೆಯ ಮೇಲೆ ಕೂತು, ನನಗೆ ಬರದ ಕೆಲಸವೇನೋ ಎಂಬಂತೆ, "ಸಾವಕಾಶ, ಸಾವಕಾಶ" ಎನ್ನುತ್ತಿದ್ದರು.

ಪರೀಕ್ಷೆಗೆ ನಾನು ಹಳ್ಳ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಮಳೆ ತಾನೇ ಹಿಡಿದುಕೊಂಡಿತು. ಮಳೆ ನಿಂತು ಹೊಳವಾದ ಬೆಳಿಗ್ಗೆ ಗಂಡನ ಫೋನು ಬಂತು. ಹಿಂಡು ಹಳ್ಳದ ಆಚೆಯ ಎರೆ ಹೊಲದಲ್ಲಿ ಸಿಕ್ಕಿಕೊಂಡಿತ್ತು, ಕುರಿಗಳು ಈದಿದ್ದವು, ಎಳೆಮರಿಗಳು ಕೆಸರಿನಲ್ಲಿ ಚಳಿ ಹಿಡಿದು ಕಾಲು ಚಾಚಿದ್ದವು. "ಬರಾಕ ಆಗತೈತೇನು?" ಎಂದರು ಗಂಡ. "ಒಲಿ ಹಚ್ಚಿ ಇಟ್ಟಿರ್ರಿ" ಎಂದೆ.

ಹಳ್ಳ ದಾಟಿದೆ. ಆಚೆ ದಂಡೆಯಲ್ಲಿ ಮುಂದಿನ ಗಾಲಿಯ ಗೇರು ಹಾಕಿದೆ. ಎರೆ ಗಾಲಿಗೆ ಮೆತ್ತಿ ಮೆತ್ತಿ ಗಾಲಿಗಳೇ ದಪ್ಪಗಾದವು, ಗಾಡಿ ಒಂದು ಸಲ ಅಡ್ಡ ಜಾರಿತು, ಬಾಯಿಗೆ ಬಂದದ್ದೆಲ್ಲ ಬಯ್ದೆ, ಮುಂದಿನ ಗಾಲಿಗಳು ಕಚ್ಚಿ ಎಳೆದವು. ಹಿಂಡಿನ ಹತ್ತಿರ ಹೋಗಿ ನಿಂತಾಗ ಭಾವ ಎರಡು ಕಂಕುಳಲ್ಲಿ ಎರಡು ಮರಿ ಅವಚಿಕೊಂಡು ನಿಂತಿದ್ದರು. ಮರಿಗಳನ್ನು ಒಂದೊಂದಾಗಿ ಹಿಂದೆ ಇಟ್ಟು, ಮೇಲೆ ಗೋಣಿ ಹೊದಿಸಿ, ತಾವೂ ಹತ್ತಿದರು. ದಾರಿಯುದ್ದಕ್ಕೂ ಮರಿಗಳು ಅರಚುತ್ತಿದ್ದವು. ಅರಚುವ ಮರಿ ಬದುಕುತ್ತದೆ, ಸುಮ್ಮನಿರುವುದಕ್ಕೇ ಹೆದರಬೇಕು.

ಅಂಗಳಕ್ಕೆ ಬಂದು ನಿಲ್ಲಿಸಿದ ಕೂಡಲೇ ಭಾವ ಇಳಿದು ಎಡಗಾಲಿಯ ಹಿಂದೆ ಕುಕ್ಕರುಗಾಲಲ್ಲಿ ಕೂತರು. ಕೆಸರು ಕೆರೆದು, ಗುಂಡಿನ ತಳಕ್ಕೆ ಬೆರಳು ಹಾಕಿ ಒರೆಸಿದರು. ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು. ಬರೀ ಮಣ್ಣು. ಇನ್ನೊಮ್ಮೆ ಒರೆಸಿದರು. "ಯವ್ವಾ, ಏನೂ ಇಲ್ಲ" ಎಂದು ತಾಯಿಗೆ ಹೇಳಿದರು. ನಾನು ಬಾಗಿಲು ತೆಗೆದು ಮರಿಗಳನ್ನು ಇಳಿಸುತ್ತಿದ್ದೆ, ಕಿವಿ ಮಾತ್ರ ಅತ್ತಲೇ ಇತ್ತು. ಆ ದಿನದ ರೊಟ್ಟಿಯಷ್ಟು ರುಚಿಯ ರೊಟ್ಟಿ ನಾನು ತಿಂದದ್ದಿಲ್ಲ.

ಶಹಾಪುರದವನು ಹೇಳಿದ ದಿನಕ್ಕೆ ಬಂದೇ ಬಂದ. ನಾನು ಹಿಂಡಿಗೆ ಹೊರಡುವವಳು, ಹಿಟ್ಟು ಹೇರಿಕೊಂಡು ಸ್ಟಿಯರಿಂಗ್ ಮುಂದೆ ಕೂತಿದ್ದೆ. ಅವನು ಜೀಪಿನ ಸುತ್ತ ಒಂದು ಸುತ್ತು ಬಂದ, ಟೈರಿಗೆ ಕಾಲಿನಿಂದ ಒದ್ದ, ಬಗ್ಗಿ ನೋಡಿದ, ಭಾವನ ಜೊತೆ ಮಾತಿಗೆ ನಿಂತ. ಭಾವ ತಾಯಿಯ ಕಡೆ ನೋಡಿದರು. ಅತ್ತೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಮಾರಂಗಿಲ್ರಿ" ಎಂದರು.

"ಯಾಕ್ರೀ ಅಮ್ಮಾ? ಮಾತು ಆಗಿತ್ತಲ್ರೀ."

"ಆವಾಗ ಆಗಿತ್ರಿ." ಅತ್ತೆ ಎಲೆಯನ್ನು ದವಡೆಗೆ ಸರಿಸಿಕೊಂಡರು. "ಈಗ ಅದರಾಗ ನನ್ನ ಕಂಬಳಿ ಐತಿ, ನನ್ನ ಸೊಸಿ ಅದಾಳ. ಎರಡೂ ಮಾರಂಗಿಲ್ಲ."